ಹೊಡೆತಕ್ಕೆ ಮುಂಚಿನ ಸದ್ದು

ಹತ್ತಿ ಬಡಿಯುವವರ ಮನೆಗೆ ನೆಗಡಿ ಹೊಸ ನೆಂಟನಲ್ಲ. ತಾಯಿ ಮಗ ಇಬ್ಬರೂ ಹಾಸಿಗೆ ಅಂಗಡಿಯ ಉದ್ದನೆಯ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಇರುತ್ತಿದ್ದರು. ಹಳೆಯ ಹಾಸಿಗೆಯ ಹೊಟ್ಟೆ ಬಿಚ್ಚಿ, ಗಂಟುಗಟ್ಟಿದ ಹತ್ತಿಯನ್ನು ಕೋಲಿನಿಂದ ಬಡಿದು ಹಗುರ ಮಾಡುವುದು ಮಗನ ಕೆಲಸ. ಅದನ್ನು ಮತ್ತೆ ತುಂಬಿ, ಗೇಣುದ್ದದ ಸೂಜಿಯಿಂದ ಹೊಲಿಯುವುದು ತಾಯಿಯದು. ಕಿಟಕಿಯ ಬಿಸಿಲಿನಲ್ಲಿ ಹತ್ತಿಯ ಎಳೆಗಳು ಕೆಳಗಿಳಿಯಲು ಮನಸ್ಸಿಲ್ಲದಂತೆ ತೇಲುತ್ತಿದ್ದವು. ಇಪ್ಪತ್ತು ವರ್ಷದ ಆ ಹುಡುಗ ಆಗಾಗ ಸೊರ್ರೆಂದು ಮೂಗೆಳೆಯುವುದನ್ನು ಹೊರಗಿನವರು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಸಂಜೆ ಅವನು ಬಾಕ್ಸಿಂಗ್ ಕಲಿಯಲು ಹೋಗುತ್ತಿದ್ದ. ನಿವೃತ್ತ ಡ್ರಿಲ್ ಮೇಷ್ಟ್ರು ಒಂದು ಹಳೆಯ ಗೋದಾಮಿನಲ್ಲಿ ನಡೆಸುವ ಶಾಲೆ ಅದು. ಬೆವರು ಮತ್ತು ಸುಣ್ಣದ ವಾಸನೆಯ ಆ ಗೋಡೆಯ ಮೇಲೆ ಒಂದೇ ಒಂದು ಫೋಟೊ: ಎರಡೂ ಕೈ ಮೇಲೆತ್ತಿ ನಿಂತ ಚಾಂಪಿಯನ್ನನದು. ಅವನೇ ಈ ಹುಡುಗನ ಅಪ್ಪ. ಮಗನಿಗೆ ಆರು ತುಂಬುವ ಮೊದಲು, "ಒಂದು ಪಂದ್ಯ ಮುಗಿಸಿ ಬರ್ತೀನಿ" ಎಂದು ಹೋದವನು. ಗೆದ್ದ ಸುದ್ದಿ ಪೇಪರಿನಲ್ಲಿ ಬಂತು. ಅವನು ಬರಲಿಲ್ಲ. ದೊಡ್ಡ ಊರಿನಲ್ಲಿ ಈಗ ಅವನದೇ ತರಬೇತಿ ಶಾಲೆ, ಅವನದೇ ಶಿಷ್ಯರು.

ಹುಡುಗ ಗೆದ್ದರೆ ಜನ "ಚಾಂಪಿಯನ್ನರ ರಕ್ತ ಅಲ್ವಾ" ಎನ್ನುತ್ತಿದ್ದರು. ಸೋತರೆ "ಅಪ್ಪನ ಕಾಲಿನ ಧೂಳಿಗೂ ಸಮ ಇಲ್ಲ" ಎನ್ನುತ್ತಿದ್ದರು. ಗೆಲುವಾಗಲಿ ಸೋಲಾಗಲಿ, ಅವನ ಪಾಲಿಗೆ ಏನೂ ಉಳಿಯುತ್ತಿರಲಿಲ್ಲ. ಹಾಗಾಗಿ ಯಾರು ಕೇಳಿದರೂ, "ನಾನು ಹಾಸಿಗೆಯಮ್ಮನ ಮಗ" ಎಂದಷ್ಟೇ ಹೇಳುತ್ತಿದ್ದ.

ಆ ವರ್ಷದ ಪಂದ್ಯಾವಳಿಯಲ್ಲಿ ಅವನು ಫೈನಲ್ ಮುಟ್ಟಿದ. ಎದುರಾಳಿ ಅಪ್ಪನ ಶಿಷ್ಯ. ಎರಡು ದಿನ ಮೊದಲು ಮೇಷ್ಟ್ರಿಗೆ ಚಾಂಪಿಯನ್ನನ ಫೋನ್ ಬಂತು. ಮೇಷ್ಟ್ರು ಅದನ್ನು ಇದ್ದದ್ದು ಇದ್ದ ಹಾಗೇ ಒಪ್ಪಿಸಿದರು. "ಹಿಂದೆ ಸರಿದುಬಿಡು ಅಂದ. ತನ್ನ ಹತ್ರ ಬಂದ್ರೆ ಕಲಿಸ್ತಾನಂತೆ. ಎಲ್ಲರೆದುರು ನೀನು ಬಿದ್ದು ತನ್ನ ಹೆಸರು ಕೆಡಿಸಬಾರದಂತೆ."

ಹುಡುಗ ಕೈಗೆ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. "ಅವರ ಹೆಸರು ಅವರ ಹತ್ರಾನೇ ಇರ್ಲಿ ಅಂತ ಹೇಳಿ. ನಾನ್ಯಾವತ್ತು ಕೇಳಿದ್ದೆ? ಅವರಿಂದ ಒಂದು ಹಳೇ ಟವೆಲ್ಲೂ ತಗೊಂಡಿಲ್ಲ."

"ಬಹುವಚನದಲ್ಲಿ ಬಯ್ಯೋದನ್ನ ನಿನ್ನಿಂದ ಕಲೀಬೇಕು ಕಣಪ್ಪ" ಎಂದರು ಮೇಷ್ಟ್ರು.

ಪಂದ್ಯದ ಮಧ್ಯಾಹ್ನ ತಾಯಿಯೂ ಅಂಗಡಿ ಮುಚ್ಚಿ ಬಂದಳು. ನೀರಿನ ಬಾಟಲಿ ಹಿಡಿದು ಮಗನ ಮೂಲೆಯಲ್ಲಿ, ಹಗ್ಗದ ಕೆಳಗೆ ಕುಳಿತಳು. ಎದುರು ಮೂಲೆಯಲ್ಲಿ ಫೋಟೊದ ಮನುಷ್ಯ ನಿಂತಿದ್ದ. ಕೂದಲು ನರೆತಿತ್ತು, ಭುಜ ಬಾಗಿರಲಿಲ್ಲ. ಯಾರೋ ಹಿಂದಿನಿಂದ, "ಹಾಸಿಗೆಯವನು ಹೊಡೆದ್ರೆ ನೋವಾಗಲ್ಲ ಕಣೋ, ನಿದ್ದೆ ಬರುತ್ತೆ" ಎಂದು ನಗೆ ಎಬ್ಬಿಸಿದ.

ಮೊದಲ ಸುತ್ತಿನಲ್ಲಿ ಏನೋ ಕೆಟ್ಟಿತ್ತು. ಹುಡುಗನ ಎಡಗೈ ಹೊಡೆತ ಊರಿಗೇ ಗೊತ್ತಿದ್ದ ಹೊಡೆತ. ಅದು ಹೊರಡುವ ಮೊದಲೇ ಎದುರಾಳಿ ಪಕ್ಕಕ್ಕೆ ಬಾಗಿ, ತಿರುಗಿ ಹೊಡೆಯುತ್ತಿದ್ದ. ಆ ಕಡೆಯಿಂದ ಅಪ್ಪನ ದನಿ ಮತ್ತೆ ಮತ್ತೆ ಬರುತ್ತಿತ್ತು: "ಮೂಗು! ಮೂಗು!"

"ಮೂಗಿಗೆ ಹೊಡಿ ಅಂತಿದ್ದಾನೆ, ಮೂಗು ಕಾಪಾಡ್ಕೊ" ಎಂದು ಮೇಷ್ಟ್ರು ಕೂಗಿದರು. ಹುಡುಗ ಎರಡೂ ಕೈಯಿಂದ ಮೂಗು ಮುಚ್ಚಿದ. ಹೊಡೆತಗಳೆಲ್ಲ ಪಕ್ಕೆಗೆ ಬಿದ್ದವು.

ಸುತ್ತು ಮುಗಿದು ಅವನು ಸ್ಟೂಲಿನ ಮೇಲೆ ಕುಸಿದಾಗ ತಾಯಿ ಬಾಟಲಿ ಕೊಟ್ಟು ಮೆಲ್ಲಗೆ ಹೇಳಿದಳು.

"ಅವರು ಹೇಳ್ತಿರೋದು ಹೊಡಿಯೋಕಲ್ಲ, ಕೇಳಿಸ್ಕೊಳ್ಳೋಕೆ. ಎಡಗೈ ಬೀಸೋ ಮುಂಚೆ ನೀನು ಮೂಗು ಎಳೀತೀಯ."

"ಅದು ಹತ್ತಿ ಧೂಳಮ್ಮ."

"ನಿಮ್ಮಪ್ಪನೂ ಹೀಗೇ ಎಳೀತಿದ್ರು. ಅವರೇನು ಹತ್ತಿ ಬಡೀತಿದ್ರಾ?"

ಅವನಿಗೆ ಪಕ್ಕೆಯ ನೋವು ಮರೆತುಹೋಯಿತು. ಒಂದು ಟವೆಲ್ಲೂ ತೆಗೆದುಕೊಂಡಿಲ್ಲ ಎಂದವನ ಮೂಗಿನೊಳಗೇ ಆ ಮನುಷ್ಯ ಇಷ್ಟು ವರ್ಷ ಬಾಡಿಗೆ ಕೊಡದೆ ಕೂತಿದ್ದ.

"ಇದನ್ನ ಬಿಡೋದು ಹೇಗೆ?"

"ಬಿಡೋಕಾಗಲ್ಲ. ನಾನೂ ಅವರಿಗೆ ಹೇಳಿ ಹೇಳಿ ಸೋತಿದ್ದೆ."

ಗಂಟೆ ಹೊಡೆಯಿತು. ಹುಡುಗ ಎದ್ದ. ಬಿಡೋಕಾಗದ್ದನ್ನು ಬಿಡುವುದೇಕೆ ಎಂಬ ಒಂದು ಮಾತು ಅವನ ತಲೆಯಲ್ಲಿ ಸುತ್ತುತ್ತಿತ್ತು. ರಿಂಗಿನ ನಡುವೆ ನಿಂತು ಅವನು ಎದುರು ಮೂಲೆಯವರೆಗೂ ಕೇಳುವಂತೆ ಸೊರ್ರೆಂದು ಮೂಗೆಳೆದ. "ಮೂಗು!" ಎಂದಿತು ಆ ದನಿ. ಎದುರಾಳಿ ಕಲಿತ ಪಾಠದಂತೆ ಪಕ್ಕಕ್ಕೆ ಬಾಗಿದ. ಎಡಗೈ ಬರಲೇ ಇಲ್ಲ. ಬಾಗಿದ ಕಡೆ ಬಲಗೈ ಕಾಯುತ್ತಿತ್ತು.

ಆಮೇಲೆ ಮೂಗು ಒಮ್ಮೆ ನಿಜ ಹೇಳಿತು, ಎರಡು ಸಲ ಸುಳ್ಳು ಹೇಳಿತು. ಎದುರಾಳಿ ಗುರುವಿನ ಮಾತು ಕೇಳಲೋ ಕಣ್ಣನ್ನು ನಂಬಲೋ ತಿಳಿಯದೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡ. ಮೂರನೆಯ ಸುತ್ತಿನ ಹೊತ್ತಿಗೆ ಆ ಮೂಲೆಯ ದನಿ ನಿಂತೇ ಹೋಗಿತ್ತು. ಯಾರೂ ನೆಲಕ್ಕೆ ಬೀಳಲಿಲ್ಲ. ಅಂಕ ಕೂಡಿದಾಗ ರೆಫರಿ ಎತ್ತಿದ್ದು ಹಾಸಿಗೆಯಮ್ಮನ ಮಗನ ಕೈ.

ಬಟ್ಟೆ ಬದಲಿಸುವ ಕೋಣೆಗೆ ಚಾಂಪಿಯನ್ ಬಂದ. ಬಾಗಿಲಲ್ಲೇ ನಿಂತು ಕೇಳಿದ, "ಆ ಮೂಗು ನಂದು. ಗೊತ್ತಾ?"

"ಗೊತ್ತು. ಮೂಗು ನಿಮ್ದೇ. ಸುಳ್ಳು ನಂದು."

"ಅಪ್ಪನಿಗೆ ನೀವು ತಾವು ಅಂತೀಯಾ?"

ಹುಡುಗ ಕೈಪಟ್ಟಿ ಬಿಚ್ಚಿ ಮಡಿಸಿದ. "ಪರಿಚಯ ಇಲ್ಲದವರಿಗೆ ಹಾಗೇ ಅನ್ಬೇಕು ಅಂತ ಅಮ್ಮ ಹೇಳ್ಕೊಟ್ಟಿದ್ದಾಳೆ."

ಚಾಂಪಿಯನ್ ಸೊರ್ರೆಂದು ಮೂಗೆಳೆದ. ಹುಡುಗ ಚೀಲ ಹೆಗಲಿಗೇರಿಸಿ ಅವನ ಪಕ್ಕದಿಂದಲೇ ಹೊರಗೆ ನಡೆದ.

ಮೆಟ್ಟಿಲ ಬಳಿ ತಾಯಿ ಖಾಲಿ ಬಾಟಲಿ ಹಿಡಿದು ನಿಂತಿದ್ದಳು.

"ಏನಂದ್ರು?"

"ಮೂಗು ತನ್ನದು ಅಂದ್ರು."

"ವಾಪಸ್ ಕೊಟ್ಯಾ?"

"ಇಲ್ಲ. ನಂಗೆ ಬೇಕಾಗುತ್ತೆ."

ಅವಳು ಸೆರಗಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ಕೊಡವಿದಳು. "ಸರಿ, ನಡಿ. ನಾಳೆ ಬೆಳಿಗ್ಗೆ ನಾಲ್ಕು ಹಾಸಿಗೆ ಬಡಿಯೋದಿದೆ."