ಗುಂಡುಕಲ್ಲಿನಂಗ ಅದಾಳ್ರಿ

ಪಾರ್ವತವ್ವಾ, ನಿಮ್ಮ ಸೊಸೆಯನ್ನು ಕೊಂದವರು ನೀವಲ್ಲ. ನಾನು — ಅವಳ ಹೆತ್ತ ತಾಯಿ.

ಇಷ್ಟು ಹೇಳಲು ನನಗೆ ಹನ್ನೆರಡು ವರ್ಷ ಬೇಕಾಯಿತು. ಹೇಳಿಯೇ ಬಿಡಬೇಕೆಂದು ಹಾನಗಲ್ಲಿನಲ್ಲಿ ಹಿರೇಕೆರೂರಿನ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಎದುರಿನ ಬಸ್ಸಿಗೆ ಮನೆಗೆ ಬಂದದ್ದೂ ಉಂಟು. ಈಗ ನಿಮಗೆ ಮರೆವು ಹತ್ತಿದೆ. ಉಂಡದ್ದು ನೆನಪಿಲ್ಲ, ಮಗನ ಹೆಸರೂ ಒಮ್ಮೊಮ್ಮೆ ನೆನಪಿಲ್ಲ. ಒಂದು ಮಾತು ಮಾತ್ರ ಅಳಿಸಿ ಹೋಗಿಲ್ಲ. ಮನೆಗೆ ಯಾರು ಬಂದರೂ ಕೈ ಹಿಡಿದು, ‘ನಾನ ನೋಡ್ರಿ, ಕೊಡ ಹೊರಿಸಿ ಸೊಸಿನ್ನ ಕೊಂದಾಕಿ’ ಎನ್ನುತ್ತೀರಿ. ಆ ಮಾತು ನಿಮ್ಮದಲ್ಲ ಪಾರ್ವತವ್ವಾ. ಅದನ್ನು ನಿಮ್ಮ ಬಾಯಿಗೆ ತುರುಕಿದವಳೂ ನಾನೇ.

ನಾನು ಸಾಲಿ ಅಕ್ಕೋರು. ಹಾನಗಲ್ಲಿನಲ್ಲಿ ಅರ್ಧ ಊರಿಗೆ ಅಕ್ಷರ ಕಲಿಸಿದ್ದೇನೆ. ನನ್ನ ಬಾಯಿಗೆ ಹೆದರಿ ಹೆಡ್ ಮಾಸ್ತರರೂ ದಾರಿ ಬಿಡುತ್ತಿದ್ದರು. ‘ಅಕ್ಕೋರ ಬಾಯಿ ಬೊಂಬಾಯಿ’ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುವುದು ನನಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು. ಅಂಥ ಬಾಯಿ ಒಂದು ನಿಜ ಹೇಳಬೇಕಾದ ಹೊತ್ತಿನಲ್ಲಿ — ಇರಲಿ. ಮೊದಲಿನಿಂದ ಹೇಳುತ್ತೇನೆ.

ಸುಮಾ ಆರನೇ ಇಯತ್ತೆಯಲ್ಲಿದ್ದಾಗ ಅವಳಿಗೆ ಗಂಟಲು ನೋವು ಬಂತು. ಅದು ಹೋದ ಮೇಲೆ ಒಂದು ಮೊಣಕಾಲು ಬಾತಿತು; ಅದು ಇಳಿದರೆ ಇನ್ನೊಂದು ಕಾಲು, ಆಮೇಲೆ ಮಣಿಕಟ್ಟು. ಬೆಳೆಯುವ ಮಕ್ಕಳಿಗೆ ಕೈಕಾಲು ನೋಯುತ್ತವೆ ಎಂದು ಎಣ್ಣೆ ತಿಕ್ಕಿದೆ. ವಾಸಿಯಾಯಿತು. ಆಯಿತೆಂದುಕೊಂಡೆ. ಕಾಲೇಜಿಗೆ ಹೋಗುವಾಗ ಹುಡುಗಿ ಮೆಟ್ಟಿಲು ಹತ್ತಿದರೆ ಏದುಸಿರು ಬಿಡತೊಡಗಿದಳು. ಹುಬ್ಬಳ್ಳಿಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಎದೆಯ ಸ್ಕ್ಯಾನ್ ಮಾಡಿದರು. ಚಿಕ್ಕಂದಿನ ಆ ಗಂಟಲು ನೋವೇ ಕೀಲಿಗೆ ಇಳಿದು, ಕೀಲಿನಿಂದ ಹೃದಯಕ್ಕೆ ಹೋಗಿದೆ ಎಂದರು. ಹೃದಯದೊಳಗಿನ ಒಂದು ಬಾಗಿಲು ಗಡುಸಾಗಿದೆ, ಪೂರಾ ತೆರೆಯುವುದಿಲ್ಲ, ರಕ್ತ ಹಿಂದೆ ಪುಪ್ಪುಸದಲ್ಲೇ ನಿಲ್ಲುತ್ತದೆ — ಅದಕ್ಕೇ ದಮ್ಮು.

ಅವರು ಹೆದರಿಸಲಿಲ್ಲ, ಅದನ್ನೂ ಹೇಳಬೇಕು. ಮೂರು ವಾರಕ್ಕೊಮ್ಮೆ ಒಂದು ಇಂಜೆಕ್ಷನ್, ವರ್ಷಗಟ್ಟಲೆ, ತಪ್ಪಿಸಬಾರದು. ಬಾಗಿಲು ಇನ್ನೂ ಕಿರಿದಾದರೆ ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಅಗಲ ಮಾಡಬಹುದು, ಈಗಲೇ ಬೇಕಿಲ್ಲ. ‘ಮದುವೆ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಗಂಡನ ಮನಿಯವರಿಗೆ ಹೇಳಿ ಮಾಡ್ರಿ. ಬಸರಾಗೂಕಿಂತ ಮೊದ್ಲ ನನ್ನ ಕಡೆ ಕರಕೊಂಡ ಬರ್ರಿ. ಇವೆರಡು ಮರೀಬ್ಯಾಡ್ರಿ ಅಕ್ಕೋರ.’

ನಾನು ಮರೆಯಲಿಲ್ಲ. ಮರೆತಿದ್ದರೆ ಚೆನ್ನಾಗಿತ್ತು. ಮರೆತವರಿಗೆ ಕ್ಷಮೆ ಉಂಟು.

ಹಾನಗಲ್ಲಿನಲ್ಲಿ ಇಂಜೆಕ್ಷನ್ ಮಾಡಿಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಶಿಗ್ಗಾಂವಿಗೆ ಕರೆದೊಯ್ಯುತ್ತಿದ್ದೆ. ಕೇಳಿದವರಿಗೆ ಹೊಲಿಗೆ ಕ್ಲಾಸು ಎನ್ನುತ್ತಿದ್ದೆ. ಆ ಸೂಜಿ ಬಹಳ ಕೆಟ್ಟದ್ದು, ಸೊಂಟದ ಕೆಳಗೆ ಕಾಯಿಸಿದ ಸಲಾಕೆ ಇಟ್ಟಂತೆ ಎನ್ನುತ್ತಿದ್ದಳು. ಬರುವಾಗ ಬಸ್ಸಿನಲ್ಲಿ ಕೂರಲಾಗದೆ ಕಂಬ ಹಿಡಿದು ನಿಂತೇ ಬರುತ್ತಿದ್ದಳು. ಕಂಡಕ್ಟರ್ ಒಬ್ಬ, ‘ಸೀಟ ಖಾಲಿ ಅದಾವಲ್ಲವಾ ತಂಗಿ, ಯಾಕ ನಿಂತಿ? ನಿಂತರ ಟಿಕೇಟಿನ್ಯಾಗ ರೊಕ್ಕಾ ಬಿಡೂದಿಲ್ಲ ಮತ್ತ’ ಎಂದು ಚಾಷ್ಟಿ ಮಾಡುತ್ತಿದ್ದ. ಸುಮಾ ನಗುತ್ತಿದ್ದಳು. ಕಣ್ಣಲ್ಲಿ ನೀರು ಇಟ್ಟುಕೊಂಡೇ ನಗುತ್ತಿದ್ದಳು ನನ್ನ ಮಗಳು.

ನಾನು ಒಂದು ಸಲ ನಿಜ ಹೇಳಿದ್ದೆ. ಸವಣೂರ ಕಡೆಯ ಒಂದು ಮನೆಯವರು ಹೆಣ್ಣು ನೋಡಲು ಬಂದಾಗ, ಡಾಕ್ಟರು ಹೇಳಿದಂತೆಯೇ ಬಿಡಿಸಿ ಹೇಳಿದೆ. ತಟ್ಟೆಯ ಅವಲಕ್ಕಿ ಮುಟ್ಟದೆ ಎದ್ದು ಹೋದರು. ವಾರದೊಳಗೆ ‘ಅಕ್ಕೋರ ಮಗಳಿಗೆ ಎದಿಯಾಗ ತೂತ ಐತಂತ’ ಎಂಬ ಮಾತು ನನ್ನ ಶಾಲೆಯ ಬಾಗಿಲಿಗೇ ಬಂತು; ಬಾಯಿ ಜೋರು ಮಾಡಿ ಅಡಗಿಸಿದೆ. ಅವಳಪ್ಪ ಆ ಹೊತ್ತಿಗಾಗಲೇ ತೀರಿಕೊಂಡಿದ್ದರು. ಒಬ್ಬಳೇ ಕೂತು ಯೋಚಿಸಿದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರಲ್ಲ, ನಾನು ಒಂದೇ ಒಂದು ಹೇಳಿದರೆ ಏನಾದೀತು ಎಂದು — ಹೀಗೆ ಲೆಕ್ಕ ಹಾಕಿದೆ, ಸುಡುಗಾಡು ಲೆಕ್ಕ.

ಆಮೇಲೆ ನೀವು ಬಂದಿರಿ. ಹಿರೇಕೆರೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟ ಮಗ ಮಂಜುನಾಥ, ಮತ್ತು ನೀವು. ಸುಮಾ ಚಹಾದ ತಟ್ಟೆ ಹಿಡಿದು ನಿಂತಿದ್ದಾಗ ನೀವು ಸುತ್ತಿ ಬಳಸಿ ಮಾತಾಡದೆ ನೇರವಾಗಿ ಕೇಳಿದಿರಿ: ‘ಹುಡುಗಿಗೆ ಜಡ್ಡು-ಜಾಪತ್ರಿ ಏನೂ ಇಲ್ಲಲ್ರಿ, ಅಕ್ಕೋರ?’

ನಾನೆಂದೆ: ‘ಗುಂಡುಕಲ್ಲಿನಂಗ ಅದಾಳ್ರಿ. ಒಂದ ದಿನಾ ತಲಿನೂ ನೂಸಿಲ್ಲ.’

ಸುಮಾ ನನ್ನನ್ನು ನೋಡಿದಳು. ತಟ್ಟೆಯ ಮೇಲಿನ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಹುಡುಗಿಗೆ ನಾಚಿಕೆ ಎಂದು ನೀವು ನಕ್ಕಿರಿ. ನೀವು ಹೋದ ಮೇಲೆ ಅಡಿಗೆಮನೆಯಲ್ಲಿ ಅವಳು, ‘ಅವ್ವಾ, ಆ ಅತ್ತಿ ಚೊಲೋ ಮನಷ್ಯಾಳ ಕಾಣ್ತಾಳ. ಹೇಳಿಬಿಡೂಣು’ ಎಂದಳು. ‘ಬಾಯಿ ಬಿಟ್ಟೀಯಂದ್ರ ನನ್ನ ಹೆಣಾ ನೋಡ್ತಿ’ ಎಂದೆ. ಎಂಥ ಮಾತು ನೋಡಿ. ಎಲುಬಿಲ್ಲದ ನಾಲಿಗೆ. ಹೆಣ ನೋಡಿದವಳು ಯಾರು?

ಮದುವೆಯಾದ ಮೇಲೆ ಮೂರು ವಾರಕ್ಕೊಮ್ಮೆ ಸೂಜಿ ಹೇಗೆ ಮಾಡಿಸುವುದು? ಹಬ್ಬಕ್ಕೆ ತವರಿಗೆ ಬಂದಾಗ ಒಂದು, ಮತ್ತೊಂದು ನೆವ ಮಾಡಿ ಕರೆಸಿಕೊಂಡು ಒಂದು. ಆಮೇಲೆ ನಿಂತೇ ಹೋಯಿತು. ‘ಇಷ್ಟ ವರ್ಷ ಮಾಡಿಸೀವಿ, ಇನ್ನೇನ ಆಗೂದಿಲ್ಲ ಬಿಡು’ ಎಂದವಳು ನಾನು. ಯಾವ ಡಾಕ್ಟರನ್ನು ಕೇಳಿ ಹೇಳಿದೆ? ಯಾರನ್ನೂ ಕೇಳಲಿಲ್ಲ. ಆ ಮಳೆಗಾಲದಲ್ಲಿ ಅವಳು ಫೋನ್ ಮಾಡಿ ಗಂಟಲು ಬಾತಿದೆ, ಜ್ವರ ಇದೆ ಎಂದಳು. ಉಪ್ಪುನೀರು ಮುಕ್ಕಳಿಸು ಎಂದೆ. ಆ ಗಂಟಲು ನೋವು ಎಲ್ಲಿಗೆ ಹೋಗುತ್ತದೆಂದು ಗೊತ್ತಿದ್ದೂ ಹಾಗೆಂದವಳು ನಾನು, ಪಾರ್ವತವ್ವಾ. ನಿಮಗೆ ಗೊತ್ತಿರಲಿಲ್ಲ.

ಅವಳು ಬಸಿರಾದಳು. ನೀವು ಪೇಢೆ ಕಳಿಸಿದಿರಿ. ನಾನು ಓಣಿಗೆಲ್ಲ ಹಂಚಿದೆ. ಮಗಳು ಬಸಿರಾದ ಸಂತೋಷಕ್ಕಿಂತ ನಾನು ಗೆದ್ದೆ ಎನ್ನುವ ಸಂತೋಷವೇ ಹೆಚ್ಚಿತ್ತು. ಥೂ ನನ್ನ ಜನ್ಮಕ್ಕೆ!

ಐದು ತಿಂಗಳು ತುಂಬಿದ ಮೇಲೆ ಅವಳಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಕೂಸು ಮೇಲಕ್ಕೆ ಒತ್ತುತ್ತಿದೆ ಎಂದುಕೊಂಡು ನೀವು ನಿಮ್ಮ ದಿಂಬನ್ನೂ ಅವಳ ಬೆನ್ನಿಗೆ ಕೊಟ್ಟು ಬರಿಗೈ ತಲೆಗಿಟ್ಟು ಮಲಗುತ್ತಿದ್ದಿರಂತೆ. ಸುಮಾನೇ ಫೋನಿನಲ್ಲಿ ಹೇಳಿದಳು. ‘ಅವ್ವಾ, ದಮ್ಮು ಭಾಳ ಹತ್ತಾಕತ್ತೈತಿ. ಅತ್ತಿಗೆ ಹೇಳ್ಲೇನು?’

‘ಈಗ ಬ್ಯಾಡ. ಏಳರಾಗ ಕುಬಸಾ ಮಾಡಿ ಕರಕೊಂಡ ಬರ್ತೇನಲ್ಲ, ಆವಾಗ ಹುಬ್ಬಳ್ಳಿಗೆ ಹೋಗೂಣು. ಅಲ್ಲೀತನಕ ತಡಕೋ.’

ಇದೇ ನನ್ನ ಜಾಣತನ. ಕುಬಸ ಮಾಡಿ ಬಸುರಿ ಮಗಳನ್ನು ತವರಿಗೆ ಕರೆತರುವುದು ಪದ್ಧತಿ. ಯಾರೂ ಯಾಕೆಂದು ಕೇಳುವುದಿಲ್ಲ. ಒಮ್ಮೆ ನನ್ನ ಮನೆಗೆ ಬಂದಳೆಂದರೆ ಕದ್ದು ತೋರಿಸಬಹುದು, ನಿಮಗೆ ಸುಳಿವೂ ಸಿಗುವುದಿಲ್ಲ. ಹಸಿರು ಸೀರೆ, ಹಸಿರು ಬಳೆ ತಂದಿಟ್ಟೆ. ಐದು ಬಗೆಯ ಬುತ್ತಿಗೆ ಯಾರನ್ನು ಕರೆಯಬೇಕೆಂದು ಯೋಚಿಸುತ್ತ ಕೂತೆ. ಅಲ್ಲಿ ನನ್ನ ಮಗಳು ಕೂತುಕೊಂಡೇ ಉಸಿರಾಡುತ್ತಿದ್ದಳು.

ಅವಳು ಹೋದ ದಿನ ಓಣಿಯ ನಳಕ್ಕೆ ನೀರು ಬಂದಿತ್ತು. ನೀವು ಎರಡು ಕೊಡ ತಂದಿರಿ, ಮೂರನೆಯದಕ್ಕೆ ‘ಸುಮಾ, ಅದೊಂದು ಸಣ್ಣ ಕೊಡಾ ಒಳಗಿಡವಾ’ ಎಂದಿರಿ. ಅಷ್ಟೇ. ಸಣ್ಣ ಕೊಡ, ಹೊಸ್ತಿಲಿನಿಂದ ಒಳಗೆ. ಎತ್ತಿದಳು, ಇಟ್ಟಳು, ಕುಸಿದಳು. ಕೆಮ್ಮಿದರೆ ಕೆಂಪು ಬೆರೆತ ನೊರೆ. ಆಸ್ಪತ್ರೆಯ ಡಾಕ್ಟರು ಎದೆಗೆ ನಳಿಗೆ ಇಟ್ಟ ಕೂಡಲೇ, ‘ಇವರಿಗೆ ಮೊದಲೇ ಹೃದಯದ ತೊಂದರೆ ಇತ್ತಾ?’ ಎಂದು ಕೇಳಿದರಂತೆ.

ನೀವು ಹೇಳಿದಿರಂತೆ — ‘ಇಲ್ರೀ ಸಾಹೇಬ್ರ. ಗುಂಡುಕಲ್ಲಿನಂಗ ಇದ್ಲು.’

ಅಳಿಯ ನನಗೆ ಫೋನ್ ಮಾಡಿದ. ‘ಅತ್ತಿ, ಡಾಕ್ಟರ್ ಕೇಳಾಕತ್ತಾರ, ಎದೀದು ಏನಾರ ಇತ್ತೇನ್ರಿ? ಲಗೂ ಹೇಳ್ರಿ.’ ಆಗಲಾದರೂ — ಒಂದು ಮಾತು, ‘ಹೌದು’ ಎನ್ನುವ ಎರಡಕ್ಷರ. ಫೋನಿನಲ್ಲಿ ಅವಳ ಉಸಿರಿನ ಗೊರಗೊರ ನನಗೆ ಕೇಳಿಸುತ್ತಿತ್ತು. ‘ನಾ ಬರಾಕತ್ತೇನಿ, ಬಂದ ಹೇಳ್ತೇನಿ’ ಎಂದು ಇಟ್ಟುಬಿಟ್ಟೆ. ಹೇಳಿದ್ದರೆ ಉಳಿಯುತ್ತಿದ್ದಳೇ? ಡಾಕ್ಟರುಗಳನ್ನು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ. ನಾನು ಬಸ್ಸಿನಲ್ಲಿದ್ದಾಗಲೇ, ದೊಡ್ಡಾಸ್ಪತ್ರೆಗೆ ಒಯ್ಯುವ ಅಂಬ್ಯುಲೆನ್ಸಿನಲ್ಲಿ, ನಿಮ್ಮ ತೊಡೆಯ ಮೇಲೆ ಅವಳು ಹೋದಳು. ಕೂಸೂ ಹೋಯಿತು.

ನಿಮ್ಮ ಮನೆಯ ಮುಂದೆ ಜನ ನೆರೆದಿತ್ತು; ಕೊಡ ಎತ್ತಿಟ್ಟು ಕುಸಿದಳೆಂದು ಅಲ್ಲೇ ಕೇಳಿದೆ. ನೀವು ನನ್ನನ್ನು ಕಂಡು ‘ಅಕ್ಕೋರಽ’ ಎಂದು ಕೈ ಚಾಚಿ ಬಂದಿರಿ. ಆ ಕೈ ಹಿಡಿದಿದ್ದರೆ ನಿಜ ಬಾಯಿಗೆ ಬಂದುಬಿಡುತ್ತಿತ್ತು. ನಾನು ನಿಮ್ಮನ್ನು ನೂಕಿದೆ. ಓಣಿಗೆಲ್ಲ ಕೇಳುವಂತೆ, ತರಗತಿಯ ದನಿಯಲ್ಲಿ ಕೂಗಿದೆ: ‘ಬಸರೀ ಕೈಲೆ ಕೊಡ ಹೊರಿಸಿ ಕೊಂದ್ಯಲ್ಲಽ ನನ್ನ ಮಗಳನ್ನ!’

ನೀವು ಆ ಮಾತನ್ನು ನಂಬಿಬಿಟ್ಟಿರಿ.

ಆಮೇಲಿನದು ನಿಮಗಿಂತ ಚೆನ್ನಾಗಿ ನನಗೇ ನೆನಪಿದೆ, ಯಾಕೆಂದರೆ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದೆ. ಸೊಸೆಯನ್ನು ಕೊಂದ ಮನೆ ಎಂದು ಮಂಜುನಾಥನಿಗೆ ಯಾರೂ ಮತ್ತೆ ಹೆಣ್ಣು ಕೊಡಲಿಲ್ಲ. ನೀವು ನಳಕ್ಕೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರಂತೆ. ಮಗನಿಗೂ ಕೊಡ ಮುಟ್ಟಗೊಡದೆ, ಸೊಂಟ ಬಾಗಿದ ಮೇಲೂ ಮನೆಯ ನೀರೆಲ್ಲ ನೀವೇ ಹೊತ್ತಿರಂತೆ. ನನಗೋ, ಹಾನಗಲ್ಲಿನಲ್ಲಿ ಎಲ್ಲರೂ ಕರುಣೆ ತೋರಿಸಿದರು. ಪಾಪ ಅಕ್ಕೋರು, ಒಬ್ಬಳೇ ಮಗಳು ಎಂದರು. ಆ ಕರುಣೆಯನ್ನು ಉಂಡೆ. ಇಷ್ಟು ವರ್ಷ ಉಂಡೆ.

ಮೊನ್ನೆ ಬಂದೆ. ಈ ಸಲ ದಾರಿಯಲ್ಲಿ ಇಳಿಯಲಿಲ್ಲ. ನೀವು ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದಿರಿ, ಗುಬ್ಬಿಯಷ್ಟಾಗಿದ್ದಿರಿ. ಎದುರು ಕೂತು ಎಲ್ಲ ಹೇಳಿದೆ — ಗಂಟಲು ನೋವು, ಶಿಗ್ಗಾಂವಿನ ಸೂಜಿ, ಫೋನು, ಕುಬಸ. ನೀವು ಕೊಂದಿಲ್ಲ ಎಂದೆ. ಕಾಲು ಹಿಡಿದೆ. ನೀವು ನನ್ನ ಮುಖವನ್ನು ಬಹಳ ಹೊತ್ತು ನೋಡಿದಿರಿ. ಗುರುತು ಸಿಕ್ಕಿತೆಂದುಕೊಂಡೆ. ನೀವು ಸೆರಗು ಸರಿಮಾಡಿಕೊಂಡು, ಬಿಗುಮಾನದಿಂದ ಕೇಳಿದಿರಿ:

‘ಹುಡುಗಿಗೆ ಜಡ್ಡು-ಜಾಪತ್ರಿ ಏನೂ ಇಲ್ಲಲ್ರಿ, ಅಕ್ಕೋರ?’

ಆ ಪ್ರಶ್ನೆ ನನಗೆ ಮತ್ತೊಮ್ಮೆ ಸಿಗುತ್ತದೆಂದು ಕನಸಿನಲ್ಲೂ ಎಣಿಸಿರಲಿಲ್ಲ. ‘ಐತ್ರಿ’ ಎಂದೆ. ‘ಹೃದಯದಾಗ ಐತ್ರಿ. ಸೂಜಿ ಮಾಡಸ್ಬೇಕು, ಡಾಕ್ಟರಿಗೆ ತೋರಸ್ಬೇಕು.’

ನೀವು ನನ್ನ ಕೈ ತಟ್ಟಿ ಹೇಳಿದಿರಿ: ‘ಇದ್ರ ಇರ್ಲಿ ಬಿಡ್ರಿ. ಎಲ್ಲಾರಿಗೂ ಒಂದಿಲ್ಲೊಂದ ಇರತೈತಿ. ನಾವ ತೋರಸ್ತೇವಿ. ಹುಡುಗಿ ಮಾರಿ ನನಗ ಭಾಳ ಮನಸಿಗೆ ಬಂದೈತಿ.’

ಅಯ್ಯೋ ಪಾರ್ವತವ್ವಾ.

ಅಂದೂ ನೀವು ಇದನ್ನೇ ಹೇಳುತ್ತಿದ್ದಿರೋ ಏನೋ. ಸವಣೂರಿನವರ ಉತ್ತರವನ್ನು ನಿಮ್ಮ ಬಾಯಿಗೆ ನಾನೇ ಇಟ್ಟು, ನಿಮ್ಮನ್ನು ಕೇಳದೇ ಹೋದೆ.

ತಲೆ ಎತ್ತಿದಾಗ ಮಂಜುನಾಥ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಎಲ್ಲ ಕೇಳಿಸಿಕೊಂಡಿದ್ದ. ಕೂದಲು ನೆರೆತಿದೆ ಅವನಿಗೆ. ಬಯ್ಯಲಿ, ಹೊಡೆಯಲಿ ಎಂದು ಕಾದೆ. ‘ಬಸ್ಸಿಗೆ ಹೊತ್ತಾತ್ರಿ’ ಎಂದ. ‘ಅತ್ತಿ’ ಎಂದು ಕರೆಯಲಿಲ್ಲ. ನಾನು ಹೊಸ್ತಿಲು ದಾಟುವಾಗ ನೀವು ಹಿಂದಿನಿಂದ ಮತ್ತೆ ಶುರು ಮಾಡಿದ್ದಿರಿ — ‘ನಾನ ನೋಡ್ರಿ, ಕೊಡ ಹೊರಿಸಿ…’

ಸೋಮವಾರ ನಿಮ್ಮ ಓಣಿಗೆ ನಳ ಬರುತ್ತದಂತೆ. ಹೆಂಗಸರು ಕೊಡ ಹಿಡಿದು ನಿಲ್ಲುವ ಹೊತ್ತಿಗೆ ಬರುತ್ತೇನೆ. ಅಂದು ಕೂಗಿದ ಜಾಗದಲ್ಲೇ ನಿಂತು, ಅದೇ ದನಿಯಲ್ಲಿ ನಿಜ ಹೇಳುತ್ತೇನೆ. ಅಂದು ಕೇಳಿದವರಲ್ಲಿ ಕೆಲವರು ಇವತ್ತು ಇಲ್ಲ. ಉಳಿದವರಾದರೂ ಕೇಳಲಿ. ಸುಮಾ ಬರುವುದಿಲ್ಲ, ಮಂಜುನಾಥನ ವರ್ಷಗಳು ಬರುವುದಿಲ್ಲ. ನೀವು ಒಳಗೆ ಕಂಬಕ್ಕೆ ಒರಗಿ ಕೂತಿರುತ್ತೀರಿ, ಯಾರೋ ನಳದ ಹತ್ತಿರ ಜಗಳ ಮಾಡುತ್ತಿದ್ದಾರೆ ಎಂದುಕೊಳ್ಳುತ್ತೀರಿ.