ಒಂದು ಕಿಡ್ನಿಗಾಗಿ ಮಲ್ಲೇಶ್ವರಕ್ಕೆ ಬಂದವಳು

"ಸ್ನಾನಕ್ಕೆ ಹೋದಾಗ್ಲೂ ಫೋನ್ ಹತ್ರಾನೇ ಇರ್ಲಿ. ಕರೆದ್ರೆ ಎರಡು ಗಂಟೆ ಒಳಗೆ ಬಂದ್ಬಿಡ್ಬೇಕು," ಎಂದರು ಇಲ್ಲಿಯ ಆಸ್ಪತ್ರೆಯ ಡಾಕ್ಟರು. ನಮ್ಮೂರು ಸಿಂದಗಿಯಿಂದ ಅದು ಆಗದ ಮಾತು. ಜನ ನೌಕರಿಗಾಗಿ ಊರು ಬಿಡುತ್ತಾರೆ, ಮದುವೆಯಾಗಿ ಬಿಡುತ್ತಾರೆ. ನಾನು ಒಂದು ಫೋನ್ ಕರೆಗಾಗಿ ಬಿಟ್ಟೆ. ನನ್ನ ಎರಡೂ ಕಿಡ್ನಿ ಕೆಟ್ಟಿವೆ. ಇಲ್ಲಿ ಯಾರಾದರೂ ಸತ್ತು, ಅವರ ಮನೆಯವರು ದಾನಕ್ಕೆ ಒಪ್ಪಿದರೆ ಆ ಫೋನ್ ಬರುತ್ತದೆ.

ಸಂಪಿಗೆ ರಸ್ತೆಯ ಹಿಂದೆ, ಕಮಲಮ್ಮ ಎಂಬುವರ ಮನೆಯ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿತು. ನಾವು ಓಣಿ ಅನ್ನುವುದನ್ನು ಇಲ್ಲಿ ಕ್ರಾಸ್ ಅನ್ನುತ್ತಾರೆ. ಕಮಲಮ್ಮ ಒಳ್ಳೆಯವರು, ಕಾಫಿ ತಂದು ನಿಲ್ಲುತ್ತಾರೆ. ನನಗೋ ಕುಡಿಯುವ ನೀರೇ ಅಳತೆ. ನಮ್ಮೂರಲ್ಲಿ ಒಲ್ಲೆ ಎಂದರೆ ಬೈದಾದರೂ ಕುಡಿಸುತ್ತಾರೆ. ಇಲ್ಲಿ "ಸರಿ ಬಿಡಿ" ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿ ಹೋಗುತ್ತಾರೆ. ಆ ಮರ್ಯಾದೆಯೇ ನನ್ನನ್ನು ಒಂಟಿ ಮಾಡಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್, ಉಳಿದ ದಿನ ಗೋಡೆಯ ಜೊತೆ ಮಾತು. ಆಂಬುಲೆನ್ಸ್ ಕೂಗಿದರೆ ಫೋನ್ ನೋಡುತ್ತೇನೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಇದನ್ನು ಹೇಳಿಕೊಂಡದ್ದು ಕಮಲಮ್ಮನವರ ಮಗಳು ನಂದಿನಿಗೆ ಮಾತ್ರ. ಅವಳು ಒಂದು ಪ್ರಯೋಗಾಲಯದಲ್ಲಿ ಸಂಶೋಧಕಿ.

"ನಾವು ಒದ್ದಾಡ್ತಿರೋದೂ ಇದಕ್ಕೇ ಅಕ್ಕ," ಎಂದಳು. ಪುಟ್ಟ ಇಲಿಯ ಭ್ರೂಣದಲ್ಲಿ ಕಿಡ್ನಿ ಬೆಳೆಯದಂತೆ ಮೊದಲೇ ತಡೆಯುತ್ತಾರಂತೆ. ಅದಕ್ಕೆ ಬೇರೆ ಜಾತಿಯ ದೊಡ್ಡ ಇಲಿಯ ಆಕರಕೋಶಗಳನ್ನು, ಅಂದರೆ ಯಾವ ಅಂಗವಾದರೂ ಆಗಬಲ್ಲ ಎಳೆಯ ಜೀವಕೋಶಗಳನ್ನು, ಸೇರಿಸುತ್ತಾರೆ. ಖಾಲಿ ಜಾಗದಲ್ಲಿ ದೊಡ್ಡ ಇಲಿಯ ಕಿಡ್ನಿ ಮೂಡಬೇಕು. ಮುಂದೆ ಎಂದಾದರೂ ರೋಗಿಯದೇ ಕೋಶಗಳಿಂದ ಹಂದಿಯೊಳಗೆ ಮನುಷ್ಯರ ಕಿಡ್ನಿ ಬೆಳೆಸುವ ಆಸೆಯಂತೆ.

"ಹಂಗಾದ್ರ ನನ್ನ ಸಲುವಾಗಿ ಯಾರೂ ಸಾಯೋದು ಬ್ಯಾಡ?"

"ಬೇಡ ಅಕ್ಕ. ಆದ್ರೆ ಒಂದು ಜಾತೀದು ಇನ್ನೊಂದ್ರಲ್ಲಿ ಸುಲಭಕ್ಕೆ ನಿಲ್ಲಲ್ಲ. ಮನುಷ್ಯರದಂತೂ ಇನ್ನೂ ಕಷ್ಟ. ತುಂಬಾ ವರ್ಷ ಹಿಡಿಯತ್ತೆ."

"ಅಷ್ಟು ವರ್ಷ ನನ್ನ ಕೈಯಾಗ ಇಲ್ಲವ್ವ."

ಅವಳು ಸುಳ್ಳು ಸಮಾಧಾನ ಹೇಳಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

ಹೋದ ತಿಂಗಳು ಒಂದು ಬೆಳಿಗ್ಗೆ ಫೋನ್ ಬಂತು. ಇಳಕಲ್ ಸೀರೆಯುಟ್ಟು, ಕಂಡ ದೇವರಿಗೆಲ್ಲ ಹರಕೆ ಹೊತ್ತು ಆಸ್ಪತ್ರೆಗೆ ಓಡಿದೆ. ಆ ಆಸ್ಪತ್ರೆಯ ಪಾಲಿಗೆ ಬಂದದ್ದು ಒಂದೇ ಕಿಡ್ನಿ, ಕರೆಸಿದ್ದು ಇಬ್ಬರನ್ನು. ಅದು ಇನ್ನೊಬ್ಬರಿಗೆ ಹೊಂದಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ವಯಸ್ಸಾದ ಒಬ್ಬ ತಾಯಿ ಕೂತಿದ್ದರು.

"ನಮ್ಮ ಕಡೆ ಸೀರಿ ಉಟ್ಟೀರಿ. ಯಾವೂರ್ರಿ ನಿಮ್ದು?"

ಎಷ್ಟು ತಿಂಗಳಾಗಿತ್ತು ನಮ್ಮ ಕಡೆಯ ಮಾತು ಕೇಳಿ. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು, "ನನ್ನ ಮಗಾ ಗಾಡಿ ಮ್ಯಾಲಿಂದ ಬಿದ್ದು ಹೋದನ್ರಿ. ಕಿಡ್ನಿ, ಕಣ್ಣು ಎಲ್ಲಾ ಕೊಟ್ಟೀವಿ. ಯಾರಿಗಂತ ಹೇಳಂಗಿಲ್ಲಂತ. ನೀವ್ಯಾಕ ಬಂದಿದ್ರಿ?"

ಅವರ ಮಗನ ಕಿಡ್ನಿ ನನಗೇ ಸಿಗಲಿ ಎಂದು ಬೆಳಿಗ್ಗೆಯಿಂದ ಬೇಡಿದವಳು ನಾನು.

"ಇಲ್ಲಮ್ಮ, ನಾನು ಇಲ್ಲೇ ಮಲ್ಲೇಶ್ವರದವಳು. ಯಾರನ್ನೋ ನೋಡೋಕ್ಕೆ ಬಂದಿದ್ದೆ," ಎಂದು ಇಲ್ಲಿಯವರ ಹಾಗೆ ಮಾತಾಡಿ ಎದ್ದುಬಂದೆ.

ನಂದಿನಿಯ ಇಲಿಗಳು ದಾರಿ ತೋರುವ ತನಕ ನನ್ನಂಥವರು ಯಾರದೋ ಮನೆಯ ದುಃಖಕ್ಕೆ ಕಾಯಲೇಬೇಕು. ಕಾಯುತ್ತೇನೆ, ಬದುಕುವ ಆಸೆ ಹೋಗಿಲ್ಲ. ಆದರೆ, ಇದನ್ನು ಓದುತ್ತಿರುವ ನಮ್ಮ ಕಡೆಯವರೇ, ನಾನು ಸುಳ್ಳು ಹೇಳಿ ಬಂದ ಆ ತಾಯಿ ನಿಮ್ಮ ಓಣಿಯವರೇ ಇರಬಹುದು. ಕಂಡರೆ ಹೇಳಿ, ಅವತ್ತು ಪಕ್ಕದಲ್ಲಿ ಕೂತಿದ್ದವಳು ಸಿಂದಗಿಯವಳು ಎಂದು. ಯಾಕೆ ಬಂದಿದ್ದಳು ಎನ್ನುವುದನ್ನೂ ಹೇಳಿ.