ಎರಡು ಸಲ ಹೇಳಿದ ಮಾತು

ಗುರುಪಾದಪ್ಪನನ್ನು ಜೈಲಿಗೆ ಕಳಿಸಿದವನು ನಾನು. ರಾಜೇಸಾಬನಲ್ಲ.

ಇಷ್ಟು ಬರೆದು, ಪೆನ್ನು ಕೆಳಗಿಟ್ಟು, ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬಂದೆ. ಮನೆಯಲ್ಲಿ ಯಾರೂ ಇಲ್ಲ. ಸೊಸೆ ಸಂತೆಗೆ ಹೋಗಿದ್ದಾಳೆ. ಎಂಬತ್ತು ಮುಟ್ಟುತ್ತಿರುವ ಮುದುಕನನ್ನು ಹಿಡಿದುಕೊಂಡು ಹೋಗಲು ಇನ್ನು ಯಾವ ಫೌಜದಾರ ಬರುತ್ತಾನೆ? ಆದರೂ ಚಿಲಕ ನೋಡದೆ ಕೂರಲಾರೆ — ಇದು ವಯಸ್ಸಿನ ಮರೆವಲ್ಲ, ಹೆದರಿಕೆ, ನನಗೆ ಗೊತ್ತು. ಎಪ್ಪತ್ತಾರನೇ ಇಸವಿಯ ಬೇಸಿಗೆಯಲ್ಲಿ ಹತ್ತಿದ್ದು, ಇನ್ನೂ ಬಿಟ್ಟಿಲ್ಲ.

ನಾನು ಚಂದ್ರಾಮ. ಇಂಡಿ ಊರಿನ ಬಸ್ ಸ್ಟ್ಯಾಂಡಿನ ಹಿಂದೆ ಟೇಲರ್ ಅಂಗಡಿ ಇಟ್ಟಿದ್ದೆ. ಚುನಾವಣೆ ಬಂತೆಂದರೆ ಅಂಗಿ, ಜಂಪರು ಬದಿಗಿಟ್ಟು ಬಾವುಟ ಹೊಲಿಯುತ್ತಿದ್ದೆ. ಯಾವ ಪಕ್ಷದವರು ಬಟ್ಟೆ ತಂದು ಹಾಕಿದರೂ ಹೊಲಿಯುತ್ತಿದ್ದೆ. ಮಷೀನಿಗೆ ಬಣ್ಣದ ಭೇದ ಇದೆಯೇ? ಬರಬರುತ್ತ ಆಳುವ ಪಕ್ಷದ ಬಾವುಟವೇ ಹೆಚ್ಚಾಯಿತು, ನಾನೂ ಆ ಪಕ್ಷದವನೇ ಆದೆ. ತಾಲೂಕು ಸಮಿತಿಯ ಸದಸ್ಯನೂ ಆದೆ. ಸಿದ್ಧಾಂತ ಎಂದು ಕೇಳಿದರೆ — ಇಲ್ಲ, ಇಲ್ಲಿಯಾದರೂ ಸುಳ್ಳು ಬೇಡ. ಸಿದ್ಧಾಂತ ಇದ್ದದ್ದು ಗುರುಪಾದಪ್ಪನಿಗೆ.

ಗುರುಪಾದಪ್ಪ ನನ್ನ ಶಾಲೆಯ ಗೆಳೆಯ. ಝಳಕಿಯ ಹತ್ತಿರ ಅವನದು ಲಿಂಬಿ ತೋಟ. ಪಕ್ಷಕ್ಕೂ ಒಂದು ಸಂವಿಧಾನ ಇರುತ್ತದೆ, ಸದಸ್ಯರು ಸಮಿತಿಯನ್ನು ಆರಿಸಬೇಕು, ಸಮಿತಿ ಅಧ್ಯಕ್ಷನನ್ನು ಆರಿಸಬೇಕು ಎಂದು ನಮಗೆಲ್ಲ ಮೊದಲು ಹೇಳಿದವನೇ ಅವನು. ನಮ್ಮಲ್ಲಿ ಅಂಥ ಚುನಾವಣೆ ನಡೆದದ್ದನ್ನು ಯಾರೂ ಕಂಡಿರಲಿಲ್ಲ. ಮೇಲಿನಿಂದ ಒಂದು ಹೆಸರು ಬರುತ್ತಿತ್ತು, ನಾವು ಹಾರ ತಂದು ಹಾಕುತ್ತಿದ್ದೆವು. ಆ ಹಾರದ ಖರ್ಚು ಕೂಡ ಎಣ್ಣೆ ಮಿಲ್ಲಿನ ಸಾಹುಕಾರರದು. ಜೀಪು ಅವರದು, ಪೆಟ್ರೋಲು ಅವರದು, ಕಾರ್ಯಕರ್ತರ ಊಟ ಅವರದು. ಅಭ್ಯರ್ಥಿ ತಾನು ಮಾಡಿದ ಖರ್ಚನ್ನು ಮಾತ್ರ ಸರಕಾರಕ್ಕೆ ತೋರಿಸಿದರೆ ಸಾಕು, ಪಕ್ಷವೋ ಸ್ನೇಹಿತರೋ ಮಾಡಿದ್ದು ಅದರಲ್ಲಿ ಸೇರುವುದಿಲ್ಲ ಎಂದು ಆಗಷ್ಟೇ ಕಾಯ್ದೆಯನ್ನು ತಿದ್ದಿದ್ದರು. ನಮ್ಮ ಸಾಹುಕಾರರು ಎಲ್ಲರ ಸ್ನೇಹಿತರು!

ಒಂದು ಸಭೆಯಲ್ಲಿ ಗುರುಪಾದಪ್ಪ ಎದ್ದು ನಿಂತು ಹೇಳಿಬಿಟ್ಟ: "ಪಕ್ಷಕ್ಕ ರೊಕ್ಕ ಯಾರ್ ಕೊಡ್ತಾರ, ಎದಕ್ಕ ಕೊಡ್ತಾರ, ಎಲ್ಲಾರ ಮುಂದ ಹೇಳ್ರಿ. ಕೊಟ್ಟಾಂವ ಯಾರಂತ ತಿಳದ್ರ ಪಕ್ಷ ಯಾರದಂತ ತಿಳೀತೈತಿ."

ಸಾಹುಕಾರರು ನಕ್ಕರು. ನಗುತ್ತ ಎಲೆಗೆ ಸುಣ್ಣ ಸವರಿದರು. ಆ ನಗು ನನಗೆ ಸರಿ ಕಾಣಲಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ. ವಿಚಾರಣೆಯಿಲ್ಲದೆ ಜನರನ್ನು ಒಳಗೆ ಹಾಕುತ್ತಿದ್ದರು. ಮುದ್ದೇಬಿಹಾಳದಲ್ಲಿ ಯಾರನ್ನೋ ಎತ್ತಿಕೊಂಡು ಹೋದರಂತೆ, ಬಾಗೇವಾಡಿಯಲ್ಲಿ ಯಾರೋ ಮನೆ ಬಿಟ್ಟು ಓಡಿದರಂತೆ — ಎಲ್ಲ 'ಅಂತೆ'ಗಳೇ. ಪತ್ರಿಕೆಯಲ್ಲಿ ಏನೂ ಬರುತ್ತಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆ.

ಅಧ್ಯಕ್ಷನ ಜಾಗ ಖಾಲಿಯಾಯಿತು. ಬೆಂಗಳೂರಿನಿಂದ ಪಕ್ಷದ ವೀಕ್ಷಕರು ಬರುತ್ತಾರೆ ಎಂದರು. ವೀಕ್ಷಕರು ಬಂದರೆ ಒಂದು ಪದ್ಧತಿ ಇತ್ತು, ಈಗಲೂ ಇದೆ: ಸರಕಾರಿ ಬಂಗಲೆಯ ಒಳಕೋಣೆಯಲ್ಲಿ ಅವರು ಕೂರುವುದು, ಒಬ್ಬೊಬ್ಬ ಕಾರ್ಯಕರ್ತನೂ ಒಳಗೆ ಹೋಗುವುದು, ಬಾಗಿಲು ಹಾಕುವುದು, ಯಾರು ಆಗಬೇಕು, ಯಾರು ಆಗಬಾರದು ಎಂದು ಹೇಳಿ ಹೊರಗೆ ಬರುವುದು. ಒಳಗೆ ಏನು ಹೇಳಿದೆ ಎಂದು ಯಾರೂ ಯಾರನ್ನೂ ಕೇಳಬಾರದು. ಎಲ್ಲರೂ ಕೇಳುತ್ತಿದ್ದರು, ಯಾರೂ ನಿಜ ಹೇಳುತ್ತಿರಲಿಲ್ಲ. ಈ ಸಲ ಗುರುಪಾದಪ್ಪನ ಹೆಸರು ಬಾಯಿಂದ ಬಾಯಿಗೆ ಓಡಾಡುತ್ತಿತ್ತು.

ವೀಕ್ಷಕರು ಸಿಂದಗಿ ಮುಗಿಸಿಕೊಂಡು ಇಂಡಿಗೆ ಬರುವ ಹಿಂದಿನ ದಿನ ಸಾಹುಕಾರರು ನನ್ನ ಅಂಗಡಿಗೆ ಬಂದರು. ಅಂಗಿಯ ಅಳತೆ ಕೊಡುವ ನೆಪ. ನಾನು ಟೇಪು ಹಿಡಿದು ಅವರ ಎದೆಯ ಸುತ್ತ ಕೈ ಹಾಕಿದ್ದೆ. ಅವರು ನನ್ನ ಕಿವಿಯ ಹತ್ತಿರವೇ ಮೆಲ್ಲಗೆ ಕೇಳಿದರು:

"ಏನೋ ಟೇಲರ್, ಹಿಂದಿನ ಎಲೆಕ್ಷನ್ನಾಗ ವಿರೋಧದವರ ಬಾವುಟಾನೂ ನೀನಽ ಹೊಲದೀಯಂತ? ಅರಬಿ ಇನ್ನೂ ಉಳದಿರಬೇಕಲಾ?"

ನಾನು ಟೇಪನ್ನು ಅವರ ತೋಳಿಗೆ ಹಿಡಿದೆ.

"ಫೌಜದಾರ್ರು ಮನ್ನಿ ಕೇಳಾಕತ್ತಿದ್ರು. ನಾನಽ ಹೇಳೇನಿ — ಚಂದ್ರಾಮ ನಮ್ಮಾಂವ ಅದಾನ, ನಾಳಿ ಒಳಗ ಹೋಗಿ ಸರಿಯಾಗೇ ಹೇಳ್ತಾನಂತ. ಗುರುಪಾದನ ತೋಟದ ಸುದ್ದಿ ನಿನಗ ಗೊತ್ತೈತಲಾ?"

ಬಟ್ಟೆ ಉಳಿದದ್ದು ನಿಜ. ನನ್ನ ಹೆಂಡತಿ ಅದರಲ್ಲಿ ತಲೆದಿಂಬಿನ ಚೀಲ ಹೊಲಿದುಕೊಂಡಿದ್ದಳು. ಆ ಸಂಜೆ ಮನೆಗೆ ಹೋದವನೇ ದಿಂಬುಗಳನ್ನೆಲ್ಲ ಬಿಚ್ಚಿ, ಚೀಲಗಳನ್ನು ಒಲೆಗೆ ಹಾಕಿದೆ. ಮನೆ ತುಂಬ ಹತ್ತಿ ಹಾರಾಡಿತು. ಹುಚ್ಚು ಹಿಡಿಯಿತೇ ಎಂದು ಅವಳು ಕೇಳಿದಳು. ಏನು ಹೇಳಲಿ? ತಲೆದಿಂಬಿಗೆ ಹೆದರಿದ ಗಂಡಸು ನಾನು. ನಗಬೇಕೆನಿಸಿದರೆ ನಗಿ, ನಾನೂ ನಕ್ಕಿದ್ದೇನೆ, ಆದರೆ ಬಹಳ ವರ್ಷ ಕಳೆದ ಮೇಲೆ.

ಮರುದಿನ ಬಂಗಲೆಯ ಹೊರಗೆ ಬೇವಿನ ಮರದ ಕೆಳಗೆ ಎಲ್ಲರೂ ಕೂತಿದ್ದೆವು. ಬಿಸಿಲು ಸುಡುತ್ತಿತ್ತು. ಗುರುಪಾದಪ್ಪ ಮೊದಲೇ ಒಳಗೆ ಹೋಗಿ ಬಂದು ನನ್ನ ಭುಜ ತಟ್ಟಿ ತೋಟಕ್ಕೆ ಹೊರಟುಹೋಗಿದ್ದ. ನನ್ನ ಸರದಿ ಬಂತು. ಒಳಗೆ ವೀಕ್ಷಕರ ಪಕ್ಕ ಒಂದು ಟೇಬಲ್ ಫ್ಯಾನು ಕಟಕಟ, ಕಟಕಟ ಎಂದು ಸದ್ದು ಮಾಡುತ್ತ ತಿರುಗುತ್ತಿತ್ತು. ಗುರುಪಾದಪ್ಪ ಎಂಥವನು ಎಂದು ಅವರು ಕೇಳಿದರು. ನಾನು ನೆಲ ನೋಡುತ್ತ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿ,

"ಸ್ವಲ್ಪ ಜೋರಾಗಿ ಹೇಳಪ್ಪ, ಕೇಳಿಸ್ತಿಲ್ಲ," ಎಂದರು.

ಅಲ್ಲಿ — ಅಲ್ಲಿ ನನಗೆ ಸಮಯ ಸಿಕ್ಕಿತ್ತು. ಬೇರೆ ಏನಾದರೂ ಹೇಳಬಹುದಿತ್ತು. ಒಳ್ಳೆಯವನು ಎನ್ನಬಹುದಿತ್ತು. ಕೇಳಿಸದ ಮಾತು ಆಡದ ಮಾತಿಗೆ ಸಮ ಅಲ್ಲವೇ? ನಾನು ತಲೆ ಎತ್ತಿ, ಗಟ್ಟಿಯಾಗಿ, ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ:

"ರಾತ್ರಿ ಅವನ ತೋಟಕ್ಕ ಹೊರಗಿನ ಮಂದಿ ಬಂದು ಹೋಗ್ತಾರ್ರಿ."

ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಹೊರಗಿನ ಮಂದಿ ಬರುತ್ತಿದ್ದರು. ಸೊಲ್ಲಾಪುರದ ಲಾರಿಯವರು. ಬಿಸಿಲಿಗೆ ಲಿಂಬಿ ಬಾಡುತ್ತದೆಂದು ಕತ್ತಲಾದ ಮೇಲೆ ಬಂದು ಹೇರಿಕೊಂಡು ಹೋಗುತ್ತಿದ್ದರು. ಅವರ ಜೊತೆ ಕೂತು ನಾನೇ ಎಷ್ಟೋ ಸಲ ರೊಟ್ಟಿ ತಿಂದಿದ್ದೇನೆ. ಅದನ್ನು ಹೇಳಲಿಲ್ಲ. ವೀಕ್ಷಕರ ಮುಖ ಬಿಗಿಯಾಯಿತು. ಹೋಗಿ ಎಂದು ಕೈ ಮಾಡಿದರು.

ನನ್ನ ಹಿಂದೆ ಹೋದವನು ರಾಜೇಸಾಬ. ಸೈಕಲ್ ಅಂಗಡಿಯವನು, ಹಾಸ್ಯಗಾರ, ಗುರುಪಾದಪ್ಪನೆಂದರೆ ಅವನಿಗೆ ಜೀವ. ಬೇರೆಯವರು ಹೋದಷ್ಟೇ ಬೇಗ ಹೊರಗೆ ಬಂದರೆ, ಅವನು ಮಾತ್ರ ಎಷ್ಟು ಹೊತ್ತಾದರೂ ಬರಲಿಲ್ಲ. ಮರದ ಕೆಳಗೆ ಕೂತವರು ಮುಖ ಮುಖ ನೋಡಿಕೊಂಡರು. ಕೊನೆಗೆ ಬಂದ, ಬೆವರಿನಲ್ಲಿ ತೊಯ್ದು. ಅವನ ಬೆರಳುಗಳಿಗೆ ಕಪ್ಪು ಎಣ್ಣೆ ಹತ್ತಿತ್ತು. ನಾನು ನೋಡಿದೆ. ಒಳಗೆ ಫ್ಯಾನಿನ ಸದ್ದು ನಿಂತಿತ್ತು. ಅದನ್ನೂ ಕೇಳಿದೆ.

ಅದೇ ವಾರ ಪೊಲೀಸರು ಝಳಕಿಗೆ ಹೋಗಿ ಗುರುಪಾದಪ್ಪನನ್ನು ಎತ್ತಿಕೊಂಡು ಹೋದರು. ಸರಕಾರದ ವಿರುದ್ಧ ಕೆಲಸ ಮಾಡುವವರಿಗೆ ತೋಟದಲ್ಲಿ ಆಸರೆ ಕೊಟ್ಟನಂತೆ.

ಊರಿಗೆ ಒಂದು ಹೆಸರು ಬೇಕಾಗಿತ್ತು. ಚಹಾದಂಗಡಿಯಲ್ಲಿ ಎಲ್ಲರೂ ರಾಜೇಸಾಬನ ಸುತ್ತ ಸೇರಿದರು. ಒಳಗೆ ಅಷ್ಟು ಹೊತ್ತು ಕೂತು ಏನು ಹೇಳಿದೆ? ಅವನು ಮೊದಲು ನಕ್ಕ. "ನಾ ಏನ್ ಹೇಳ್ಲಿ? ಫ್ಯಾನ್ ರಿಪೇರಿ ಮಾಡಿಸ್ಕೊಂಡ್ರು ನನ್ನ ಕಡಿಂದ," ಎಂದ. ಬೆಂಗಳೂರಿನಿಂದ ಫ್ಯಾನ್ ರಿಪೇರಿ ಮಾಡಿಸಲು ಬಂದಿದ್ದರೇನು ಎಂದು ಯಾರೋ ಕೂಗಿದರು. ಅವನ ನಗು ಇಳಿಯಿತು. ಸುತ್ತ ನೋಡಿದ. ನಾನು ಕಣ್ಣಿಗೆ ಬಿದ್ದೆ.

"ಚಂದ್ರಾಮಣ್ಣ, ನೀ ಒಳಗ ಇದ್ದಾಗ ಫ್ಯಾನ್ ಕಟಕಟ ಅಂತಿದ್ದಿಲ್ಲೇನು? ನೀನರ ಹೇಳೋ ಇವರಿಗೆ."

ಫ್ಯಾನಿನ ಸದ್ದು ಇತ್ತು ಎಂದರೆ, ಆ ಸದ್ದಿಗೆ ನಾನು ಗಟ್ಟಿಯಾಗಿ ಮಾತಾಡಿದ್ದು ಯಾರಿಗಾದರೂ ನೆನಪಾದರೆ? ಕಿಟಕಿಯ ಹತ್ತಿರ ಕೂತವರು ಯಾರು ಯಾರು?

"ನನಗ ನೆನಪಿಲ್ಲೋ ರಾಜೇಸಾಬ," ಎಂದೆ.

ಅವನು ನನ್ನನ್ನೇ ನೋಡುತ್ತ ನಿಂತ. ಸಿಟ್ಟಿನಿಂದಲ್ಲ. ಆಮೇಲೆ ಸೈಕಲ್ ಹತ್ತಿ ಹೋದ. ಅವತ್ತಿನಿಂದ ಪಕ್ಷದ ಕಡೆ ಸುಳಿಯಲಿಲ್ಲ. ಗಿರಾಕಿಗಳು ಕಡಿಮೆಯಾದರು. ಅವನ ಹಿಂದೆ ಕುಹಕದ ಒಂದು ಅಡ್ಡಹೆಸರು ಹುಟ್ಟಿತು, ಅದನ್ನು ಇಲ್ಲಿ ಬರೆಯಲಾರೆ. ಒಳಗೆ ಅವನು ಏನು ಹೇಳಿದ್ದನೋ ನನಗೆ ಗೊತ್ತಿಲ್ಲ. ಅಧ್ಯಕ್ಷನಾಗಲಿ ಎಂದು ಗುರುಪಾದಪ್ಪನ ಹೆಸರೇ ಹೇಳಿರುತ್ತಾನೆ, ಇನ್ನೇನು?

ಮರುವರ್ಷ ಗುರುಪಾದಪ್ಪ ಬಿಡುಗಡೆಯಾಗಿ ಬಂದ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಕರೆದುಕೊಳ್ಳಲು ಹೋದವನು ನಾನೇ — ಹೋಗದಿದ್ದರೆ ಸಂಶಯ ಬಂದೀತೆಂದು ಹೋದೆ. ಅಂಗಿ ಅವನ ಮೈಮೇಲೆ ಜೋತಾಡುತ್ತಿತ್ತು. ನಾನೇ ಹೊಲಿದ ಅಂಗಿ. ಅವನು ನನ್ನ ಹೆಗಲ ಮೇಲೆ ಕೈ ಹಾಕಿ ಕೇಳಿದ:

"ಲೇ ಚಂದ್ರಾಮ, ಅಧ್ಯಕ್ಷ ಆದ್ಯೇನೋ? ನಾ ಒಳಗ ನಿನ್ನ ಹೆಸರಽ ಹೇಳಿ ಬಂದಿದ್ದೆ. ಇಂವ ಎಲ್ಲಾರ ಬಾವುಟಾ ಹೊಲದಾಂವ, ಎಲ್ಲಾರನೂ ಕೂಡಿಸ್ಕೊಂಡು ಹೋಗ್ತಾನಂತ ಹೇಳಿದ್ದೆ."

ಅಧ್ಯಕ್ಷರು ಸಾಹುಕಾರರ ಅಳಿಯ ಆಗಿದ್ದರು. ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ಅದನ್ನು ಹೇಳಿದೆ. ಅವನು ಖುಷಿಪಟ್ಟ. ನಿಜವಾಗಿ ಖುಷಿಪಟ್ಟ.

ಅಂದೇ ಹೇಳಬೇಕಿತ್ತು. ಸರಕಾರ ಬದಲಾಯಿತು, ಸಾಹುಕಾರರು ಪಕ್ಷ ಬದಲಿಸಿದರು, ಆಮೇಲೆ ಅವರೂ ಹೋದರು. ಹೆದರಿಸುವವರು ಒಬ್ಬೊಬ್ಬರೇ ಇಲ್ಲವಾದರು, ಹೆದರಿಕೆ ಮಾತ್ರ ನನ್ನಲ್ಲೇ ಉಳಿಯಿತು. ಮೊದಲು ಫೌಜದಾರನ ಹೆದರಿಕೆ ಇತ್ತು. ಆಮೇಲೆ ಅದು ಗುರುಪಾದಪ್ಪನ ಕಣ್ಣಿನ ಹೆದರಿಕೆಯಾಯಿತು. ಅವನು ನನ್ನ ಮಗಳ ಮದುವೆಗೆ ತೋಟದ ಲಿಂಬಿ ಹೊರಿಸಿಕೊಂಡು ಬಂದ. ರಾಜೇಸಾಬ ಎದುರಾದರೆ ಮಾತ್ರ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದ. ಅದನ್ನು ನೋಡುತ್ತ, ಇಷ್ಟು ವರ್ಷ, ನಾನು ಅವನ ಪಕ್ಕದಲ್ಲೇ ನಡೆದೆ.

ಹೋದ ತಿಂಗಳು ರಾಜೇಸಾಬ ತೀರಿಕೊಂಡ. ಮಣ್ಣಿಗೆ ಹೋಗೋಣ ಬಾ ಎಂದು ಗುರುಪಾದಪ್ಪನನ್ನು ಕರೆದೆ. "ನೀ ಹೋಗಿ ಬಾ. ನನ್ನ ಕಡಿಂದ ಆಗಂಗಿಲ್ಲ," ಎಂದ. ನಾನೊಬ್ಬನೇ ಹೋದೆ. ಎಲ್ಲ ಮುಗಿದ ಮೇಲೆ ರಾಜೇಸಾಬನ ಮಗ ಮೌಲಾಲಿ ನನ್ನ ಕೈ ಹಿಡಿದುಕೊಂಡ.

"ಗುರುಪಾದಪ್ಪ ಕಾಕಾ ಬರ್ಲಿಲ್ಲೇನ್ರಿ? ಅಪ್ಪ ಕಡೀ ತನಕಾ ಅವರ ಹಾದಿ ನೋಡಿದ್ರಿ."

ಆ ಕೈ ಬಿಡಿಸಿಕೊಂಡು ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಹೆದರಿದ್ದೆ ಎಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ. ರಾಜೇಸಾಬನೂ ಹೆದರಿದ್ದ, ಹೆದರಿಯೂ ಚಹಾದಂಗಡಿಯಲ್ಲಿ ಯಾರ ಕಡೆಗೂ ಬೆರಳು ತೋರಿಸಲಿಲ್ಲ.

ಗುರುವಾರ ಝಳಕಿಗೆ ಕರೆದುಕೊಂಡು ಹೋಗು ಎಂದು ಮೌಲಾಲಿಗೆ ಹೇಳಿದ್ದೇನೆ. ಯಾಕೆಂದು ಅವನಿಗೆ ಗೊತ್ತಿಲ್ಲ. ಮೋಟಾರ್ ಸೈಕಲ್ ಮೇಲೆ ಅವನ ಹಿಂದೆ ಕೂತು ಹೋಗುತ್ತೇನೆ, ಒಳಗೆ ಹೋಗೋಣ ಎಂದು ಗುರುಪಾದಪ್ಪ ಕರೆದರೂ ಹೋಗುವುದಿಲ್ಲ. ಅಂಗಳದ ಕಟ್ಟೆಯ ಮೇಲೆ, ಅವನ ಮಕ್ಕಳು, ಆಳುಗಳು, ನೆರೆಯವರು ಇರುವಾಗಲೇ, ಮೌಲಾಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳುತ್ತೇನೆ.

ಗುರುಪಾದಪ್ಪನಿಗೆ ಇತ್ತೀಚೆಗೆ ಕಿವಿ ಮಂದವಾಗಿದೆ. ಮೊದಲ ಸಲ ಹೇಳಿದ್ದು ಅವನಿಗೆ ಕೇಳಿಸುವುದಿಲ್ಲ. ಕಿವಿಗೆ ಕೈ ಹಚ್ಚಿ, ಏನಂದಿ ಎಂದು ಕೇಳುತ್ತಾನೆ. ಆಗ ನಾನು ತಲೆ ಎತ್ತಿ, ಗಟ್ಟಿಯಾಗಿ, ಇನ್ನೊಂದು ಸಲ ಹೇಳಬೇಕು.